ಕ್ಯಾಮೆರಾದ ಮೇಲಿನ ಕಿಂಡಿ

ಶಿಷ್ಯ ಕೇಳಿದ: "ಗುರುಗಳೇ, ನನಗೆ ತಲೆಬುಡ ತಿಳಿಯುತ್ತಿಲ್ಲ. ಬೀದಿಯಲ್ಲಿ ನಿಂತು ಕೂಲಿಯವರ ಕಷ್ಟದ ಬಗ್ಗೆ ಭಾಷಣ ಮಾಡಿದರೆ ಅವರು ಚಪ್ಪಾಳೆ ತಟ್ಟುತ್ತಾರೆ. ಅದನ್ನೇ ಅವರ ಮನೆಯೊಳಗೆ ಕೂತು ಹೇಳಿದರೆ 'ಇದು ನಮ್ಮ ಪಾಡಲ್ಲ' ಎನ್ನುತ್ತಾರೆ. ಹತ್ತಿರ ಹೋದಷ್ಟೂ ನಾನು ತಪ್ಪುವುದು ಹೇಗೆ? ಕಣ್ಣಾರೆ ನೋಡಿಯೇ ಹೇಳುತ್ತಿದ್ದೇನಲ್ಲ?"

ಗುರು ಒಂದು ಕತೆ ಹೇಳಿದರು.

ಒಂದು ಹೆಂಚಿನ ಕಾರ್ಖಾನೆಯಲ್ಲಿ ಹೆಂಗಸರು ಸಂಘ ಕಟ್ಟಿದರು. ಮಾಲೀಕ ನಾಚಿಕೆಯಿಲ್ಲದೆ ಹೇಳಿದ: "ಇವರು ನನ್ನ ಆಳುಗಳೇ ಅಲ್ಲ. ಬೀದಿಯಿಂದ ಬಂದವರು." ದೂರು ಕೇಳಿದ ಕಾರ್ಮಿಕ ಇಲಾಖೆಯ ಅಧಿಕಾರಿ ಪುರಾವೆ ಕೇಳಿದ. ಅಚ್ಚಿನ ಮುಂದೆ ದುಡಿಯುವಾಗಿನ ಫೋಟೋ ಇದ್ದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದ.

ಅವರ ಪರವಾಗಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನದು ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ. ಅದರಲ್ಲಿ ಲೆನ್ಸ್ ನೋಡುವುದೇ ಬೇರೆ, ಮನುಷ್ಯ ನೋಡುವುದೇ ಬೇರೆ. ಅಗಲ ನೋಟದ ಲೆನ್ಸ್ ಹಾಕಿದರೆ ಕಣ್ಣಿಟ್ಟು ನೋಡುವ ಕ್ಯಾಮೆರಾದ ಸ್ವಂತ ಕಿಟಕಿ ಸಾಲದು. ಆಗ ನೆತ್ತಿಯ ಮೇಲೆ ಇನ್ನೊಂದು ಪುಟ್ಟ ಗಾಜಿನ ಕಿಂಡಿ ಸಿಕ್ಕಿಸಬೇಕು. ಕೆಳಗಿನ ಕಿಟಕಿಯಲ್ಲಿ ದೂರ ಹೊಂದಿಸಿ, ಮೇಲಿನ ಕಿಂಡಿಯಲ್ಲಿ ಚೌಕಟ್ಟು ನೋಡಿ, ಒತ್ತಬೇಕು. ಮೆರವಣಿಗೆಗಳನ್ನು ಅವನು ಹಾಗೆಯೇ ತೆಗೆದಿದ್ದ. ಒಂದೂ ಕೆಟ್ಟಿರಲಿಲ್ಲ.

ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೆಂಗಸರ ಜೊತೆ ಒಳಗೆ ನುಗ್ಗಿದ. ಶೆಡ್ಡು ಇಕ್ಕಟ್ಟು. ಬೆನ್ನಿಗೆ ಹಸಿ ಹೆಂಚಿನ ಅಟ್ಟಣೆ, ಎದುರಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ಅಚ್ಚು, ಅಚ್ಚಿನ ಹಿಂದೆ ಒಬ್ಬ ಹೆಂಗಸು. ಅವಳ ಮುಖ, ಕೈ, ಮಣ್ಣು, ಅಚ್ಚು ಎಲ್ಲವೂ ಬರಬೇಕು. ಹಣೆಯ ಕುಂಕುಮ ಕಿಂಡಿಯ ಮೇಲಂಚಿಗೆ ತಾಗುವಂತೆ ಹೊಂದಿಸಿದ. ಅವಳು ನೆಟ್ಟಗೆ ಅವನನ್ನೇ ನೋಡಿದಳು. ಒತ್ತಿದ. ಒಂದೇ ಒಂದು. ಅಷ್ಟರಲ್ಲಿ ಮೇಸ್ತ್ರಿ ಅವನ ಕುತ್ತಿಗೆಪಟ್ಟಿ ಹಿಡಿದು ಹೊರಗೆ ದಬ್ಬಿದ. ಮರುದಿನ ಆ ಹೆಂಗಸರಿಗೂ ಗೇಟು ಮುಚ್ಚಿತು.

ಫಿಲ್ಮ್ ತೊಳೆದು ನೋಡಿದರೆ ಕೈ ಇತ್ತು, ಮಣ್ಣು ಇತ್ತು, ಅಚ್ಚು ಇತ್ತು. ಮುಖ ಮಾತ್ರ ಮೂಗಿನಿಂದ ಕೆಳಗೆ ಅಷ್ಟೇ. ಕಣ್ಣಿರಲಿಲ್ಲ.

ಅವನಿಗೆ ಏನೂ ಅರ್ಥವಾಗಲಿಲ್ಲ. ಬೇರೆ ಯಾರದೋ ಫಿಲ್ಮ್ ಇರಬೇಕು ಎಂದುಕೊಂಡ. ಕಿಂಡಿಗೆ ಮತ್ತೆ ಕಣ್ಣಿಟ್ಟು ಗೂಟದಲ್ಲಿ ತೂಗುಬಿದ್ದ ತನ್ನ ಅಂಗಿಯನ್ನು ನೋಡಿದ. ಕಾಲರಿನಿಂದ ಅಂಚಿನವರೆಗೆ ಪೂರ್ತಿ ಕಂಡಿತು. ಹಾಗಾದರೆ ಅವಳ ಕಣ್ಣು ಎಲ್ಲಿ ಹೋಯಿತು? ಬಹಳ ಹೊತ್ತು ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತ ಮೇಲೆ, ಆ ಹೊತ್ತಿನಲ್ಲಿ ಮರೆತದ್ದು ನೆನಪಾಯಿತು.

ಅಧಿಕಾರಿ ಫೋಟೋ ನೋಡಿ ನಕ್ಕ. "ಯಾರಪ್ಪಾ ಇದು? ಬರೀ ಬಾಯಿ ನೋಡಿ ಹೆಸರು ಹೇಳೋಕಾಗುತ್ತಾ?"

ಹೊರಗೆ ಕಾದಿದ್ದ ಹೆಂಗಸು ಫೋಟೋ ಕೈಗೆ ತೆಗೆದುಕೊಂಡಳು. "ನನ್ನ ಕಣ್ಣೆಲ್ಲಿ ತಮ್ಮಾ?"

"ಕಿಂಡಿ ಮೇಲಿದೆ ಅಕ್ಕಾ, ಲೆನ್ಸ್ ಕೆಳಗಿದೆ. ದೂರಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೆ ಬರಲ್ಲ. ಹತ್ತಿರ ಬಂದರೆ ಕಿಂಡಿಯಲ್ಲಿ ಕಂಡ ಮೇಲ್ಭಾಗ ಲೆನ್ಸಿಗೆ ಸಿಗಲ್ಲ. ಹೊಂದಿಸಿದ ಮೇಲೆ ಕ್ಯಾಮೆರಾವನ್ನೇ ಒಂದಿಷ್ಟು ಮೇಲೆತ್ತಿ ಒತ್ತಬೇಕು."

"ಇದು ನಿಂಗೆ ಈಗ ಗೊತ್ತಾಯ್ತಾ?"

"ಮೊದಲೇ ಗೊತ್ತಿತ್ತು."

"ಮತ್ತೆ?"

"ಕಿಂಡಿಯಲ್ಲಿ ನಿಮ್ಮ ಮುಖ ಅಷ್ಟು ಚೆನ್ನಾಗಿ ಕಾಣ್ತಿತ್ತು ಅಕ್ಕಾ. ಎತ್ತಬೇಕು ಅನ್ನೋದೇ ಹೊಳೀಲಿಲ್ಲ."

ಅವಳು ಫೋಟೋವನ್ನು ಅವನ ಕೈಗೇ ತುರುಕಿ ಬೇರೆ ಕಡೆ ಕೂಲಿ ಹುಡುಕಿಕೊಂಡು ಹೋದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನೂ ಗೊಂದಲ. ಸ್ವಲ್ಪ ಸಿಟ್ಟೂ ಬಂತು.

"ಅವನು ಮೋಸ ಮಾಡಲಿಲ್ಲವಲ್ಲ, ಗುರುಗಳೇ. ಅವಳ ಕಣ್ಣನ್ನು ನಿಜವಾಗಿಯೂ ನೋಡಿದ್ದನಲ್ಲ?"

"ನೋಡಿದವನು ಅವನು, ಕೆಲಸ ಹೋದದ್ದು ಅವಳದು."

ಮರುದಿನ ಶಿಷ್ಯ ಕೂಲಿಯವರ ಮನೆಗೆ ಹೋಗಿ, ಭಾಷಣದ ಬದಲು "ನಿಮಗೆ ಇಲ್ಲಿಂದ ಹೇಗೆ ಕಾಣುತ್ತದೆ?" ಎಂದು ಕೇಳಿದ.