ಶಿರಸ್ತೇದಾರರ ಹತ್ತು ದಿನದ ರಜೆ

ಅಂಗಡಿ ಖಾಲಿ ಮಾಡಬೇಕೆಂದು ದರ್ಜಿ ದ್ಯಾವಪ್ಪನ ವಿರುದ್ಧ ತೀರ್ಪಾದದ್ದು ಜೂನ್ ಒಂದರಂದು. ಮೇಲ್ಮನವಿಗೆ ಮೂವತ್ತು ದಿನದ ಗಡುವು. ವಕೀಲರು ಜ್ವರ ಬಂದು ಮಲಗಿದ್ದರಿಂದ ಜುಲೈ ಒಂದರಂದು ಅವನೇ ಕಾಗದ ಹಿಡಿದು ಕೋರ್ಟಿಗೆ ಹೋದ.

ಶಿರಸ್ತೇದಾರ ವಿಠ್ಠಲರಾಯರು ಬೆರಳು ಮಡಚಿ ಎಣಿಸಿದರು.

"ಜೂನ್ ಒಂದರಿಂದ ಇವತ್ತಿಗೆ ಮೂವತ್ತೊಂದು. ಒಂದು ದಿನ ತಡ. ತಗೊಂಡು ಹೋಗು."

"ತೀರ್ಪು ಓದಿದಾಗಲೇ ಸಂಜೆ ಐದಾಗಿತ್ತಲ್ಲ ಸ್ವಾಮಿ. ಆ ದಿನಾನೂ ಸೇರಿಸ್ತೀರಾ?"

"ದಿನ ಅಂದರೆ ದಿನ. ನಿನಗೊಂದು ಕಾನೂನು, ನನಗೊಂದು ಕಾನೂನು ಇರುತ್ತೇನಯ್ಯ?"

ದ್ಯಾವಪ್ಪ ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ತೀರ್ಪಾದ ಅವತ್ತೇ ಸಂಜೆ ನೀವು ಕಚೇರಿ ಮುಗಿಸಿ, ಮಗಳ ಮದುವೆಗೆ ಹತ್ತು ದಿನ ರಜೆ ಹಾಕಿದೀನಿ ಅಂತ ನನ್ನ ಅಂಗಡಿಯಿಂದ ಜುಬ್ಬ ತಗೊಂಡು ಹೋದಿರಿ. ನಿಮ್ಮ ಲೆಕ್ಕದಲ್ಲಿ ಆ ದಿನವೂ ಸೇರಿ ಹತ್ತನೇ ತಾರೀಕಿಗೇ ರಜೆ ಮುಗೀತು. ಹನ್ನೊಂದಕ್ಕೆ ನಾನಿಲ್ಲಿಗೆ ಬಂದಿದ್ದೆ, ಈ ಕುರ್ಚಿ ಖಾಲಿ ಇತ್ತು. ಅದಕ್ಕೆ ಬೇರೆ ರಜೆ ಹಾಕಿದ್ರಾ? ಜಡ್ಜ್ ಸಾಹೇಬರನ್ನೇ ಕೇಳ್ಕೊಂಡು ಹೋಗ್ಲಾ?"

ರಾಯರು ಮತ್ತೆ ಬೆರಳು ಮಡಚಿದರು, ಈ ಸಲ ಮೇಜಿನ ಕೆಳಗೆ. ಆಮೇಲೆ ಕಾಗದ ಇಸಿದುಕೊಂಡು ಠಪ್ಪೆಂದು ಮೊಹರು ಒತ್ತಿದರು.

"ಮೊದಲ ದಿನ ಬಿಟ್ಟು ಎಣಿಸಬೇಕು ಅಂತ ಕಾನೂನೇ ಹೇಳುತ್ತೆ. ಇಷ್ಟೂ ಗೊತ್ತಿಲ್ಲದೆ ಕೋರ್ಟಿಗೆ ಬಂದುಬಿಡ್ತಾರೆ!" ಎಂದು ಗದರಿದರು.

"ನಮಗೆಲ್ಲಿ ಗೊತ್ತಾಗಬೇಕು ಸ್ವಾಮಿ," ಎಂದು ದ್ಯಾವಪ್ಪ ರಸೀದಿ ಜೇಬಿಗಿಟ್ಟು ಕೈಮುಗಿದ. "ನೀವು ಹೇಳಿದ ಮೇಲೇ ಗೊತ್ತಾಗಿದ್ದು."