ಖುಷಿ ಕೇಳುವ ಅರಮನೆ

ಏಳು ಗುಡ್ಡ ಹತ್ತಿ ಏಳು ಗುಡ್ಡ ಇಳಿದರೆ ಗಾಳಿಗುಡ್ಡ ಅಂತ ಒಂದು ರಾಜ್ಯ ಸಿಗ್ತಿತ್ತು. ಈಗ ಹುಡುಕಿದರೆ ಸಿಗಲ್ಲ, ಕಾಲು ನೋಯಿಸಿಕೊಳ್ಳಬೇಡಿ. ಆ ರಾಜ್ಯವನ್ನ ಗುಂಡಭೂಪ ಅನ್ನೋ ರಾಜ ಆಳ್ತಿದ್ದ. ಉಣ್ಣೋದರಲ್ಲಿ ಧಾರಾಳಿ. ಮಲಗೋದರಲ್ಲಿ ಧಾರಾಳಿ. ಕೊಡೋ ಮಾತು ಬಂತೋ, ಕೈ ತಾನಾಗೇ ಮುಷ್ಟಿ ಕಟ್ಟಿಬಿಡೋದು.

ಅರಮನೆಯಲ್ಲಿ ನೂರು ಜನ ಆಳುಕಾಳು. ತಿಂಗಳಿಗೊಮ್ಮೆ ಅವರಿಗೆಲ್ಲ ಕಣಜದಿಂದ ಜೋಳ ಅಳೆದು ಕೊಡಬೇಕು. ಆ ದಿನ ಬಂತು ಅಂದರೆ ರಾಜನಿಗೆ ಬೆಳಿಗ್ಗೆಯಿಂದಲೇ ಹೊಟ್ಟೆನೋವು. ವೈದ್ಯರು ಶುಂಠಿ ಕೊಟ್ಟರು, ಹೋಗಲಿಲ್ಲ. ಓಂಕಾಳು ಕೊಟ್ಟರು, ಹೋಗಲಿಲ್ಲ. ಹೊಟ್ಟೆಯ ಮೇಲೆ ಬಿಸಿ ಇಟ್ಟಿಗೆ ಇಟ್ಟರು, ಅದಕ್ಕೂ ಹೋಗಲಿಲ್ಲ. ಕಣಜದ ಬಾಗಿಲು ಮುಚ್ಚಿ ಬೀಗ ಹಾಕಿದ ಶಬ್ದ ಕಿವಿಗೆ ಬಿದ್ದ ಮೇಲೇ ನೋವು ಇಳೀತಿತ್ತು.

ಹೀಗಿರುವಾಗ ದೂರದ ಊರಿನ ವ್ಯಾಪಾರಿಯೊಬ್ಬ ಅರಮನೆಗೆ ಊಟಕ್ಕೆ ಬಂದ. ಸೆಕೆಯ ದಿನ. ಬೀಸಣಿಗೆ ಹಿಡಿದ ಆಳು ಊಟ ಮುಗಿಯೋ ತನಕ ತಂಪಾಗಿ ಗಾಳಿ ಬೀಸಿದ. ವ್ಯಾಪಾರಿ ಸೊಂಟದ ಚೀಲ ಬಿಚ್ಚಿ, "ತಗೋ ತಮ್ಮಾ, ನನ್ನ ಖುಷಿಗೆ ಕೊಡ್ತಿದೀನಿ" ಅಂತ ಅವನ ಕೈಗೆ ಒಂದು ಕಾಸು ಹಾಕಿದ. ಆಳಿನ ಮುಖ ಅರಳಿತು. ಅದನ್ನ ನೋಡ್ತಿದ್ದ ರಾಜನ ಮುಖ ಇನ್ನೂ ಅಗಲಕ್ಕೆ ಅರಳಿತು.

"ಮಂತ್ರಿಗಳೇ, ನೋಡಿದಿರಾ? ಬಂದವರೇ ಕೊಡ್ತಾರೆ! ಹಾಗಿದ್ದ ಮೇಲೆ ನಾನ್ಯಾಕೆ ಕೊಡಲಿ?"

ಮಾರನೇ ದಿನ ಊರ ತುಂಬ ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳಿ! ಇವತ್ತಿನಿಂದ ಅರಮನೆ ಆಳುಗಳಿಗೆ ಸಂಬಳ ಇಲ್ಲ! ಯಾರಿಗೆ ಸೇವೆ ಆಗುತ್ತೋ ಅವರೇ ಖುಷಿ ಕೊಡಬೇಕು! ಎಷ್ಟೇ ದೊಡ್ಡವರಾದರೂ ಬಿಡೋ ಹಾಗಿಲ್ಲ!"

ವಯಸ್ಸಾದ ಮಂತ್ರಿ ಅಚ್ಚಯ್ಯ ಮೆಲ್ಲಗೆ ಕೇಳಿದ. "ಎಷ್ಟೇ ದೊಡ್ಡವರಾದರೂ ಅಂತ ಹಾಕಬೇಕಾ ಪ್ರಭು?"

"ಹಾಕಿ, ಹಾಕಿ! ಪಕ್ಕದ ರಾಜ ಬಂದರೂ ಕೊಡಬೇಕು, ನಮ್ಮ ಅತ್ತೆ ಬಂದರೂ ಕೊಡಬೇಕು. ಯಾರೂ ಅಳಿಸದ ಹಾಗೆ ಕಲ್ಲಲ್ಲಿ ಕೆತ್ತಿಸಿ ಬಾಗಿಲಲ್ಲಿ ನಿಲ್ಲಿಸಿ."

ಹಾಗೇ ನಿಲ್ಲಿಸಿದರು.

ಆರು ತಿಂಗಳು ಕಳೀತು. ಅರಮನೆಗೆ ಹೋದವರೆಲ್ಲ ಬರಿಗೈಲಿ ವಾಪಸ್ ಬರೋರು. ದೂರು ಹೇಳೋಕೆ ಹೋದವರಿಗೆ ರಾಜನ ಹತ್ತಿರ ಮುಟ್ಟೋ ಹೊತ್ತಿಗೆ ಗಂಟು ಖಾಲಿ. ಹಾಗಾಗಿ ಜನ ದೂರು ಹೇಳೋದನ್ನೇ ಬಿಟ್ಟರು. "ನನ್ನ ರಾಜ್ಯದಲ್ಲಿ ಯಾರಿಗೂ ಕಷ್ಟಾನೇ ಇಲ್ಲ" ಅಂತ ಗುಂಡಭೂಪ ಮೀಸೆ ತಿರುವಿದ.

ಅಷ್ಟರಲ್ಲಿ ಚಳಿಗಾಲ ಬಂತು. ರಾಜನಿಗೆ ರೇಷ್ಮೆ ಹೊದ್ದರೂ ನಡುಕ, ಉಣ್ಣೆ ಹೊದ್ದರೆ ಮೈಯೆಲ್ಲ ತುರಿಕೆ. "ಬೋರಕ್ಕನ ಕೌದಿ ಹೊದ್ದು ನೋಡಿ" ಅಂದ ಅಚ್ಚಯ್ಯ.

ಬೋರಕ್ಕ ಅಂದರೆ ಕೌದಿ ಹೊಲಿಯೋಳು. ಹಳೇ ಸೀರೆ, ಹಳೇ ಪಂಚೆ, ಯಾವ ಚಿಂದಿ ಕೊಟ್ಟರೂ ಪದರ ಪದರ ಹಾಕಿ, ಸಾಲು ಸಾಲು ದಾರ ಓಡಿಸಿ, ಬೆಚ್ಚನೆ ಹೊದಿಕೆ ಮಾಡಿಬಿಡೋಳು. ಮಗಳು ಹೆರಿಗೆಗೆ ಅಂತ ಮನೆಗೆ ಬಂದಿದ್ದಳು. ಬಾಣಂತನಕ್ಕೆ ಮನೆಯಲ್ಲಿ ಏನೂ ಇರಲಿಲ್ಲ. "ಅರಮನೆಗೆ ಬಂದು ಮೂರು ದಿನದಲ್ಲಿ ಕೌದಿ ಹೊಲಿದು ಕೊಡು. ಎರಡು ಸೇರು ತುಪ್ಪ, ಒಂದು ಅಚ್ಚು ಬೆಲ್ಲ, ಒಂದು ಬುಟ್ಟಿ ಒಣಕೊಬ್ಬರಿ ಕೂಲಿ" ಅಂತ ರಾಜ ಹೇಳಿ ಕಳಿಸಿದ್ದೇ ತಡ, ಬೋರಕ್ಕ ಸೂಜಿ ದಾರ ತಗೊಂಡು ಹೊರಟಳು.

ಮೊದಲನೇ ದಿನ. ಬಾಗಿಲು ಕಾಯೋ ಓಬಯ್ಯ ಮೂವತ್ತೆರಡು ಹಲ್ಲೂ ತೋರಿಸಿ ನಕ್ಕ. ಬಾಗಿಲು ತೆಗೆದ.

"ಬನ್ನಿ ಅಕ್ಕಾ, ಬನ್ನಿ. ಖುಷಿಯಾಯ್ತಾ?"

"ಆಯ್ತಪ್ಪ."

"ಹಂಗಾದ್ರೆ ಕೊಡಿ" ಅಂತ ಕೈ ಚಾಚಿದ.

ಬೋರಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಕಾಸು ಕೊಟ್ಟಳು. ನಾಲ್ಕು ಹೆಜ್ಜೆ ಹೋದರೆ ಚಪ್ಪಲಿ ಕಾಯೋ ಚೌಡಪ್ಪ. "ಕಾಯ್ತೀನಿ ಅಕ್ಕಾ, ಖುಷಿ?" ಅವನಿಗೊಂದು. ಒಳಗೆ ಹೋದರೆ ನೀರಿನ ಸಿದ್ದಮ್ಮ. "ಕುಡೀರಿ ಅಕ್ಕಾ, ಖುಷಿ?" ಅವಳಿಗೊಂದು. ಗಂಟು ಖಾಲಿ.

ಎರಡನೇ ದಿನ ಬೋರಕ್ಕ ಜಾಣತನ ಮಾಡಿದಳು. ಬಾಗಿಲನ್ನ ತಾನೇ ತಳ್ಳಿದಳು. ಬರಿಗಾಲಲ್ಲಿ ಬಂದಳು. ಸೋರೆಬುರುಡೆಯಲ್ಲಿ ಮನೆಯಿಂದಲೇ ನೀರು ತಂದಳು.

"ಖುಷಿ?" ಅಂದ ಓಬಯ್ಯ.

"ಯಾತಕ್ಕಪ್ಪ? ಬಾಗಿಲು ನಾನೇ ತೆಗೆದೆನಲ್ಲ!"

"ನೀವು ತೆಗೆಯುವಾಗ ನಾನು ಪಕ್ಕಕ್ಕೆ ಸರಿದೆನಲ್ಲ ಅಕ್ಕಾ. ಅದೂ ಸೇವೇನೇ."

"ಖುಷಿ?" ಅಂದ ಚೌಡಪ್ಪ.

"ಕಾಲಲ್ಲಿ ಚಪ್ಪಲಿನೇ ಇಲ್ಲ!"

"ನಿಮ್ಮ ಚಪ್ಪಲಿ ಇಡಬೇಕಾಗಿದ್ದ ಜಾಗಾನ ಕಾಯ್ತಿದೀನಿ."

"ಖುಷಿ?" ಅಂದಳು ಸಿದ್ದಮ್ಮ.

"ನೀರು ನಂದು, ಬುರುಡೆ ನಂದು, ಗಂಟಲೂ ನಂದು!"

"ನಿಮಗೆ ನೆತ್ತಿ ಹತ್ತಿದರೆ ತಲೆ ತಟ್ಟೋಣ ಅಂತ ಆಗಿಂದ ನಿಂತಿದೀನಿ ಅಕ್ಕಾ."

ಅವತ್ತು ಬೋರಕ್ಕನ ಕೈಯ ಗಾಜಿನ ಬಳೆ ಮೂರೂ ಹೋದವು.

ಮೂರನೇ ದಿನ ಅವಳು ಹಲ್ಲು ಕಚ್ಚಿಕೊಂಡು ಬಂದಳು. ಯಾರಿಗೂ ಏನೂ ಕೊಡಲ್ಲ ಅಂದಳು. ಓಬಯ್ಯ ಬಾಗಿಲನ್ನ ಒಂದು ಗೇಣು ತೆಗೆದ. ಬೋರಕ್ಕ ಉಸಿರು ಬಿಗಿಹಿಡಿದು ಅಡ್ಡಡ್ಡಲಾಗಿ ನುಗ್ಗಿದಳು. ಚೌಡಪ್ಪ ಅವಳ ಎಡಗಾಲಿನ ಚಪ್ಪಲಿ ಮಾತ್ರ ಕಾದ, ಬಲಗಾಲಿಂದು ನಾಯಿ ಹೊತ್ತುಕೊಂಡು ಹೋಯ್ತು. ಸಿದ್ದಮ್ಮ ಜರಡಿಯಲ್ಲಿ ನೀರು ತಂದುಕೊಟ್ಟಳು.

ಬೋರಕ್ಕನಿಗೆ ರೇಗಿಹೋಯ್ತು. ಅಂಗಳದ ಮಧ್ಯೆ ನಿಂತು ಕೂಗಿದಳು. "ಏನ್ರೋ, ಮಾನ ಮರ್ಯಾದೆ ಇಲ್ವೇನ್ರೋ? ಮಗಳ ಬಾಣಂತನಕ್ಕೆ ಅಂತ ದುಡಿಯೋಕೆ ಬಂದೋಳ ಕೈಲಿ ಕಿತ್ಕೋತೀರಲ್ಲ! ನಿಮ್ಮ ಮನೇಲಿ ಹೆಣ್ಣುಮಕ್ಕಳಿಲ್ವಾ?"

ಓಬಯ್ಯನ ನಗು ಕಳಚಿಬಿತ್ತು. ಅವನು ಬಾಗಿಲ ಕಟ್ಟೆ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು.

"ನಮಗೇನು ಇದು ಸುಖ ಅಂದ್ಕೊಂಡ್ಯಾ ಅಕ್ಕಾ? ಬೆಳಗಿಂದ ಸಂಜೆ ತನಕ ನಕ್ಕು ನಕ್ಕು ದವಡೆ ಹಿಡಿದುಹೋಗಿದೆ. ಮನೆಗೆ ಹೋದರೆ ರೊಟ್ಟಿ ಅಗಿಯೋಕೆ ಆಗಲ್ಲ. ಆಗದೇ ಇದ್ರೂ ಏನು, ರೊಟ್ಟಿನೂ ಇಲ್ಲ. ಕಣಜದ ಜೋಳ ಕಂಡು ಆರು ತಿಂಗಳಾಯ್ತು."

"ಮೊನ್ನೆ ನಮ್ಮತ್ತೆ ನೋಡೋಕೆ ಬಂದ್ರೆ ಅವರ ಮುಂದೇನೂ ಕೈ ಚಾಚಿಬಿಟ್ಟೆ" ಅಂತ ಸಿದ್ದಮ್ಮ ಮೂಗೊರೆಸಿಕೊಂಡಳು. "ರೂಢಿ ಆಗೋಗಿದೆ ಅಕ್ಕಾ."

ಚೌಡಪ್ಪ ಎದ್ದು ಹೋಗಿ ನಾಯಿಯ ಹಿಂದೆ ಓಡಿ ಚಪ್ಪಲಿ ಕಿತ್ಕೊಂಡು ಬಂದು ಅವಳ ಕಾಲ ಹತ್ತಿರ ಇಟ್ಟ.

ಬೋರಕ್ಕನ ಕೋಪ ಇಳಿದುಹೋಯ್ತು. ತಾನು ಬೈಯಬೇಕಾದವರನ್ನ ಬಿಟ್ಟು ಬೇರೆಯವರನ್ನ ಬೈದೆ ಅಂತ ಅವಳಿಗೆ ಗೊತ್ತಾಯ್ತು. ಒಳಗೆ ಕೂತು ಕೊನೆಯ ಸಾಲು ಹೊಲಿದು, ದಾರ ಕಡಿದು, ಕೌದಿ ಮಡಚಿ ರಾಜನ ಮುಂದೆ ಇಟ್ಟಳು.

ಗುಂಡಭೂಪ ಕೌದಿ ಹೊದ್ದ. ಬೆಚ್ಚಗಾಯ್ತು. ಸಿಂಹಾಸನದ ಮೇಲೇ ಬೆಕ್ಕಿನ ಹಾಗೆ ಮುದುಡಿಕೊಂಡ.

"ಬುದ್ಧಿ, ನನ್ನ ಕೂಲಿ?" ಅಂದಳು ಬೋರಕ್ಕ.

"ಕೂಲಿಯಾ? ಮೂರು ದಿನ ನನ್ನ ಅರಮನೆ ನೆರಳಲ್ಲಿ ಕೂತು ಹೊಲಿದೆಯಲ್ಲ, ನೆರಳು ಕೊಟ್ಟವನು ಯಾರು? ನಾನು! ಲೆಕ್ಕಕ್ಕೆ ನೀನೇ ನನಗೆ ಖುಷಿ ಕೊಡಬೇಕು. ಹೋಗಲಿ, ಬಡವಳು ಅಂತ ಬಿಟ್ಟಿದೀನಿ."

ಬೋರಕ್ಕ ವಿನಯದಿಂದ ಕೇಳಿದಳು.

"ಸೇವೆ ಯಾರಿಗೆ ಆಗುತ್ತೋ ಅವರೇ ಖುಷಿ ಕೊಡಬೇಕು ಅಂತಲ್ವಾ ಬುದ್ಧಿ?"

"ಹೌದು."

"ಎಷ್ಟೇ ದೊಡ್ಡವರಾದರೂ?"

"ಎಷ್ಟೇ ದೊಡ್ಡವರಾದರೂ."

"ನಿಮ್ಮ ಮಾತಿಗೆ ನೀವು ತಪ್ಪಲ್ಲ ತಾನೇ?"

"ಕಲ್ಲಲ್ಲಿ ಕೆತ್ತಿಸಿದೀನಿ ಕಣಮ್ಮ!" ಅಂತ ರಾಜ ಎದೆ ಉಬ್ಬಿಸಿದ.

ಬೋರಕ್ಕ ಕೈ ಮುಗಿದು ಹೊರಗೆ ಬಂದಳು. ನೂರೂ ಆಳುಗಳನ್ನ ಬಾವಿಕಟ್ಟೆ ಹತ್ತಿರ ಕರೆದಳು. "ಈ ಅರಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಸೇವೆ ಯಾರಿಗ್ರಪ್ಪಾ ಆಗ್ತಿರೋದು?" ಅಂತ ಕೇಳಿದಳು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಆರು ತಿಂಗಳಲ್ಲಿ ಮೊದಲನೇ ಸಲ ಓಬಯ್ಯ ನಿಜವಾಗಿ ನಕ್ಕ.

ಮಾರನೇ ದಿನ ಬೆಳಿಗ್ಗೆ. ರಾಜನನ್ನ ಎಬ್ಬಿಸೋ ಹಾಡುಗಾರ ಮಂಚದ ಹತ್ತಿರ ನಿಂತು, "ಏಳು ಮಹಾರಾ..." ಅಂತ ಎಳೆದು ನಿಲ್ಲಿಸಿಬಿಟ್ಟ.

ರಾಜ ಕಣ್ಣು ಬಿಟ್ಟ. "ಮುಂದೆ?"

"ಖುಷಿ?" ಅಂತ ಹಾಡುಗಾರ ಕೈ ಚಾಚಿದ.

"ಏನು! ನನ್ನ ಹತ್ತಿರಾನಾ?"

"ಕಲ್ಲಲ್ಲಿ ಇದೆ ಬುದ್ಧಿ."

ಅರ್ಧ ಹಾಡು ಕೇಳಿ ಏಳೋದು ರಾಜನಿಗೆ ಅಪಶಕುನ. ಬೆರಳಿಂದ ಒಂದು ಉಂಗುರ ಕಿತ್ತು ಕೊಟ್ಟ. "...ಜಾ" ಅಂತ ಹಾಡು ಮುಗೀತು.

ಬಚ್ಚಲಿಗೆ ಹೋದ. ತಲೆಗೆ ಸೀಗೆಕಾಯಿ ತಿಕ್ಕಿದರು. ನೊರೆ ಇಳಿದು ಕಣ್ಣಿಗೆ ಬಂತು. "ನೀರು! ನೀರು ಹಾಕ್ರೋ!" ಅಂದ. ನೀರು ಬರಲಿಲ್ಲ. ಕಣ್ಣು ಮುಚ್ಚಿಕೊಂಡು ತಡಕಾಡಿದರೆ ಕೈಗೆ ಸಿಕ್ಕಿದ್ದು ಒಂದು ಅಂಗೈ. "ಖುಷಿ ಬುದ್ಧಿ?" ಎರಡನೇ ಉಂಗುರ ಹೋಯ್ತು. ಅದಕ್ಕೆ ಒಂದೇ ಒಂದು ಚೊಂಬು ನೀರು ಬಿತ್ತು. ಎರಡನೇ ಚೊಂಬಿಗೆ ಮತ್ತೆ ಅಂಗೈ. ರಾಜ ನೊರೆ ತಲೆಯಲ್ಲೇ ಎದ್ದು ಬಂದ.

ಪೇಟ ಸುತ್ತೋನು ಬಂದ. ಮೂರು ಸುತ್ತು ಸುತ್ತಿ ನಿಂತ. "ಖುಷಿ?" ರಾಜ ಕೊಡಲ್ಲ ಅಂತ ಬಾಗಿಲ ಕಡೆ ಓಡಿದ. ಪೇಟದ ತುದಿ ಸುತ್ತೋನ ಕೈಯಲ್ಲೇ ಇತ್ತು. ರಾಜ ಬುಗುರಿ ಹಾಗೆ ಗಿರಗಿರ ತಿರುಗಿ ಅಂಗಳದಲ್ಲಿ ಬಿದ್ದ. ಹೊಲ ಉಳೋ ಎತ್ತುಗಳೂ ತಿರುಗಿ ನೋಡೋ ಹಾಗೆ ಕಿರುಚಿದ.

"ದಳವಾಯಿ! ಇವರನ್ನೆಲ್ಲ ಸೆರೆಮನೆಗೆ ಹಾಕು!"

ದಳವಾಯಿ ಓಡಿ ಬಂದು ನಮಸ್ಕಾರ ಮಾಡಿ ಕೈ ಚಾಚಿದ. "ಹಾಕ್ತೀನಿ ಬುದ್ಧಿ. ನೂರು ಜನ. ತಲೆಗೊಂದು ಖುಷಿ."

"ಹಾಗಾದ್ರೆ ಕಟ್ಟಳೆನೇ ರದ್ದು! ಡಂಗುರದವನನ್ನ ಕರೀರಿ!"

ಡಂಗುರದವನು ಬಂದ. ಕೋಲು ಎತ್ತಿದ. ಹೊಡೀಲಿಲ್ಲ. "ಖುಷಿ?"

"ಕಲ್ಲುಕುಟಿಗನನ್ನ ಕರೀರಿ, ಆ ಅಕ್ಷರ ಅಳಿಸಲಿ!"

ಕಲ್ಲುಕುಟಿಗನೂ ಬಂದ. "ಕೆತ್ತಿದ್ದರ ಕೂಲಿನೇ ಇನ್ನೂ ಬಂದಿಲ್ಲ ಬುದ್ಧಿ" ಅಂದ.

ರಾಜ ಅಳುಮುಖ ಮಾಡಿಕೊಂಡು ಮಂತ್ರಿಯ ಹತ್ತಿರ ಹೋದ. "ಅಚ್ಚಯ್ಯನವರೇ, ನೀವಾದ್ರೂ ಒಂದು ದಾರಿ ಹೇಳಿ."

ಅಚ್ಚಯ್ಯ ಗಡ್ಡ ನೀವಿಕೊಂಡ. ಅತ್ತ ಇತ್ತ ನೋಡಿದ. ನಾಚಿಕೊಳ್ತಾ ಅವನೂ ಮೆಲ್ಲಗೆ ಅಂಗೈ ಚಾಚಿದ. ರಾಜನ ಬೆರಳಲ್ಲಿ ಕೊನೆಯ ಉಂಗುರ ಇತ್ತು. ಅದೂ ಹೋಯ್ತು.

"ಬೋರಕ್ಕನ ಹತ್ತಿರ ಹೋಗಿ ಪ್ರಭು" ಅಂದ ಅಚ್ಚಯ್ಯ.

ಕುದುರೆ ಹತ್ತೋಕೆ ಲಾಯದವನಿಗೆ ಕೊಡಬೇಕು. ಪಲ್ಲಕ್ಕಿಗೆ ಹೋದರೆ ಬೋವಿಗಳು ನಾಲ್ಕು ಜನ. ಹಾಗಾಗಿ ಗಾಳಿಗುಡ್ಡದ ಮಹಾರಾಜ, ತಲೆ ತುಂಬ ಸೀಗೆಕಾಯಿ ನೊರೆ, ಒದ್ದೆ ಪಂಚೆ, ಹೆಗಲ ಮೇಲೆ ಕೌದಿ, ನಡೆದುಕೊಂಡೇ ಹೊರಟ. ದಾರಿಯಲ್ಲಿ ಜನ ಇವನ್ಯಾರೋ ವೇಷದವನು ಅಂದುಕೊಂಡು ಚಪ್ಪಾಳೆ ತಟ್ಟಿದರು.

ಬೋರಕ್ಕ ಹೊಸ್ತಿಲಲ್ಲಿ ಕೂತು ಚಿಂದಿ ಆರಿಸ್ತಿದ್ದಳು. ರಾಜನನ್ನ ನೋಡಿ ಎದ್ದಳು. ಒಳಗಿಂದ ಬಿಸಿನೀರು ತಂದು ಅವನ ತಲೆ ತೊಳೆದಳು. ಕುಡಿಯೋಕೆ ಮಜ್ಜಿಗೆ ಕೊಟ್ಟಳು. ಮುಖ ಒರೆಸಿಕೊಳ್ಳೋಕೆ ಬಟ್ಟೆ ಕೊಟ್ಟಳು. ಮೂರು ಸಲವೂ ರಾಜ ಹೆದರಿ ಹೆದರಿ ಅವಳ ಕೈಯನ್ನೇ ನೋಡಿದ.

"ನೀನ್ಯಾಕೆ ಕೈ ಚಾಚಲಿಲ್ಲ?" ಅಂದ ಕೊನೆಗೆ.

"ಮನೆ ಬಾಗಿಲಿಗೆ ಬಂದವರಿಗೆ ಮಜ್ಜಿಗೆ ಕೊಟ್ಟು ಕೈ ಚಾಚ್ತಾರಾ ಬುದ್ಧಿ? ಅದು ನನ್ನ ಇಷ್ಟ. ಆದರೆ ಕೌದಿ ನೀವು ಹೇಳಿ ಮಾಡಿಸಿದ್ದು. ಅದರ ಕೂಲಿ ನಿಮ್ಮ ಇಷ್ಟ ಅಲ್ಲ. ಅದು ನಂದು."

ರಾಜ ತಲೆ ತಗ್ಗಿಸಿದ. ತಲೆಯಿಂದ ನೀರು ತೊಟ್ಟಿಕ್ತಿತ್ತು.

"ನಾನೇನು ಮಾಡಲಿ ತಾಯಿ? ಒಂದೇ ಬೆಳಿಗ್ಗೆಗೆ ಬೆರಳೆಲ್ಲ ಬೋಳಾಯ್ತು."

"ನಿಮಗೆ ಒಂದು ಬೆಳಿಗ್ಗೆ, ಊರಿಗೆ ಆರು ತಿಂಗಳು. ಕಣಜ ತೆಗೀರಿ. ಆರು ತಿಂಗಳ ಜೋಳ ಅಳೆದು ಕೊಡಿ. ಆಮೇಲೆ ಯಾರೂ ನಿಮ್ಮನ್ನ ಏನೂ ಕೇಳಲ್ಲ."

ಅವತ್ತೇ ಮಧ್ಯಾಹ್ನ ಕಣಜದ ಬಾಗಿಲು ತೆಗೀತು. ಅಳೆದು ಅಳೆದು ಕೊಟ್ಟರು. ರಾಜನಿಗೆ ಹೊಟ್ಟೆ ನೋಯ್ತು, ಸುಳ್ಳು ಹೇಳಲ್ಲ. ಆದರೂ ಹೊಟ್ಟೆ ಹಿಡಿದುಕೊಂಡೇ ಕೊನೆಯ ಸೇರಿನ ತನಕ ನಿಂತಿದ್ದ. ಕಲ್ಲುಕುಟಿಗನಿಗೂ ಕೂಲಿ ಬಂತು, ಅವನು ಕಲ್ಲಿನ ಅಕ್ಷರ ಕೆತ್ತಿ ತೆಗೆದ. ಬೋರಕ್ಕನ ಮನೆಗೆ ತುಪ್ಪ, ಬೆಲ್ಲ, ಕೊಬ್ಬರಿ ಹೋಯ್ತು. ಎಂಟು ದಿನದ ಮೇಲೆ ಮಗಳಿಗೆ ಹೆಣ್ಣುಮಗು ಹುಟ್ಟಿತು, ಬಾಣಂತಿ ತಟ್ಟೆಯಲ್ಲಿ ತುಪ್ಪ ಹರೀತು.

ಒಂದು ದಿನ ಕುರಿ ಕಾಯೋ ಮುದುಕನೊಬ್ಬ ಅರಮನೆಗೆ ದೂರು ಹೇಳೋಕೆ ಬಂದ. ಬಾಗಿಲಲ್ಲಿ ನಿಂತು, ಪಂಚೆಯ ಗಂಟು ಬಿಚ್ಚೋಕೆ ಹೊರಟ. ಓಬಯ್ಯ ಅವನ ಕೈ ಹಿಡಿದುಕೊಂಡ.

"ಬೇಡ ತಾತ, ಕಟ್ಕೋ. ನನಗೆ ಸಂಬಳ ಬರ್ತದೆ." ಅಷ್ಟು ಹೇಳಿ ಎರಡೂ ಬಾಗಿಲನ್ನ ಅಗಲಕ್ಕೆ ತೆಗೆದ. "ಒಳಗೆ ನಡಿ. ನಿನ್ನ ದೂರು ಕೇಳೋಕೆ ದೊರೆ ಕಾಯ್ತಿದಾರೆ."

ತಿಳೀತಾ ಮಕ್ಕಳೇ? ಕೆಲಸ ಮಾಡಿಸಿಕೊಂಡವನು ಕೂಲಿ ಕೊಡಬೇಕು, ಆ ಭಾರಾನ ಬಂದವರ ತಲೆ ಮೇಲೆ ಹಾಕಬಾರದು. ಖುಷಿ ಅನ್ನೋದು ಕೊಡೋನ ಮನಸ್ಸಿಂದ ಬಂದರೆ ಮಾತ್ರ ಖುಷಿ. ಕೇಳಿ ತಗೊಂಡರೆ ಕೊಟ್ಟವನಿಗೂ ಇಲ್ಲ, ತಗೊಂಡವನಿಗೂ ಇಲ್ಲ.