ಹಳೆಯ ಕಂಪ್ಯೂಟರು, ಹನ್ನೆರಡು ಮಾತು

ಹೊಳೆಯ ದಂಡೆಯ ಮೇಲೊಂದು ಮಠ. ಮಠವೆಂದರೆ ನಾಲ್ಕು ಕೋಣೆ, ಒಂದು ಅಡುಗೆಮನೆ, ಉದ್ದನೆಯ ಒಂದು ಪಡಸಾಲೆ. ಅಲ್ಲಿ ನಿರುಪಾದಿ ಅಜ್ಜಾರು ಎಂಬ ಗುರುಗಳಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಮಾತು ಕಡಿಮೆ, ನಡಿಗೆ ಇನ್ನೂ ಚುರುಕು.

ಅವರ ಬಳಿ ಈರಸಂಗಪ್ಪ ಎಂಬ ಶಿಷ್ಯನಿದ್ದ. ನಲವತ್ತೈದರ ಒಂಟಿ ಜೀವ. ಪಟ್ಟಣದ ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕನಾಗಿದ್ದವನು, ಮನೆಗೆ ಬೀಗ ಹಾಕಿ, ಒಂದು ತಿಂಗಳ ರಜೆ ತೆಗೆದುಕೊಂಡು ಮಠಕ್ಕೆ ಬಂದಿದ್ದ. ಆ ಒಂದು ತಿಂಗಳಿಗೆ ಈಗ ಮೂರು ವರ್ಷ ತುಂಬಿತ್ತು. ವರ್ಷಕ್ಕೊಮ್ಮೆ, ಸಂಬಳವಿಲ್ಲದಿದ್ದರೂ ಸರಿ, ರಜೆ ಮುಂದುವರಿಸಿ ಎಂದು ಅರ್ಜಿ ಕಳಿಸುತ್ತಿದ್ದ.

ಅವನ ಮಂಚದ ಕೆಳಗೊಂದು ಚೀಲ. ಅದರಲ್ಲಿ ಇಸ್ತ್ರಿ ಮಾಡಿದ ಎರಡು ಜೊತೆ ಪ್ಯಾಂಟು ಶರ್ಟು, ಒಂದು ಜೊತೆ ಬೂಟು, ಲ್ಯಾಬಿನ ಗುರುತಿನ ಚೀಟಿ. ಬಂದ ದಿನ ಹೇಗಿಟ್ಟಿದ್ದನೋ ಹಾಗೆಯೇ ಇತ್ತು.

ಅಡುಗೆಯ ಶಾವಂತ್ರೆವ್ವನಿಗೆ ಆ ಚೀಲದ ಮೇಲೆ ಕಣ್ಣು.

"ಅಣ್ಣಾರ, ಚೀಲ ಚಲೋ ಗಟ್ಟಿ ಐತಿ. ಸಂತಿಗೆ ಒಯ್ಯಾಕ ಕೊಡ್ರಿ. ಹೆಂಗೂ ಸುಮ್ನ ಬಿದ್ದೈತಿ."

"ಬ್ಯಾಡವ್ವ. ಯಾವಾಗ ಬೇಕಾಗ್ತೈತೋ ಏನೋ."

ಆಕೆ ಹರಿದ ಗೋಣಿಚೀಲವನ್ನೇ ಮತ್ತೊಮ್ಮೆ ಹೊಲಿದುಕೊಂಡಳು.

ಈರಸಂಗಪ್ಪನಿಗೆ ಬೇಕಾಗಿದ್ದದ್ದು ಒಂದೇ. ಅಜ್ಜಾರ ಬಳಿ ಹನ್ನೆರಡು ಮಾತುಗಳಿದ್ದವು. ಅವರು ಅವನ್ನು ತಮ್ಮ ಗುರುಗಳ ಬಾಯಿಂದ ಕೇಳಿದ್ದರು, ಆ ಗುರುಗಳು ತಮ್ಮ ಗುರುಗಳ ಬಾಯಿಂದ. ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅವನಿಗಿಂತ ತಡವಾಗಿ ಬಂದ ಇಬ್ಬರು ಅವನ್ನು ಕೇಳಿಸಿಕೊಂಡು, ಕಾಲು ಮುಟ್ಟಿ ನಮಸ್ಕರಿಸಿ ಹೋಗಿಯೂ ಆಗಿತ್ತು. ಅವನಿಗೆ ಮಾತ್ರ ಹೇಳಿರಲಿಲ್ಲ. ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಮ್ಮೆ ಕೇಳಿಯೇಬಿಟ್ಟ. "ಅಜ್ಜಾರ, ನನಗ ಯಾವಾಗ?"

"ನೀ ಬಂದ ಮ್ಯಾಲೆ."

"ನಾ ಬಂದು ಮೂರು ವರ್ಷ ಆತಲ್ರಿ."

"ಹೌದನು?" ಎಂದು ಅಜ್ಜಾರು ಎದ್ದು ಹೊಳೆಯ ಕಡೆ ಹೋದರು.

ಹೀಗಿರುವಾಗ ಭಕ್ತರೊಬ್ಬರು ಮಠಕ್ಕೆ ಒಂದು ಕಂಪ್ಯೂಟರ್ ತಂದುಕೊಟ್ಟರು. ಅವರು ಹೊಸದು ಕೊಂಡಿದ್ದರು. ಹಳೆಯದನ್ನು ಎಲ್ಲಿಡುವುದೆಂದು ತಿಳಿಯದೆ ಅದಕ್ಕೆ ದಾನವೆಂದು ಹೆಸರಿಟ್ಟರು. ಮಠಗಳಿಗೆ ಬರುವ ಸಾಮಾನಿನಲ್ಲಿ ಅರ್ಧ ಹೀಗೆಯೇ ಬರುವುದು.

ಗುಂಡಿ ಒತ್ತಿ, ಹೊಳೆಗೆ ಹೋಗಿ, ಸ್ನಾನ ಮಾಡಿ ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು.

"ಇದು ಆಗೂದಿಲ್ರಿ," ಎಂದ ಈರಸಂಗಪ್ಪ. "ವಯಸ್ಸಾಗೈತಿ."

"ನನಗೂ ಆಗೈತಿ," ಎಂದರು ಅಜ್ಜಾರು.

ಈರಸಂಗಪ್ಪ ನಾಲಿಗೆ ಕಚ್ಚಿಕೊಂಡ. "ಹಂಗಲ್ರಿ. ಯಂತ್ರ ಗಟ್ಟಿ ಐತಿ. ಅದನ್ನ ನಡಸೂ ವ್ಯವಸ್ಥಾ ಒಳಗ ಕುಂತಿರ್ತೈತಲ್ರಿ, ಅದು ಇದಕ್ಕ ಭಾರ ಆಗೈತಿ. ಅದನ್ನ ತಗದು ಹಗುರಾದ್ದು ಹಾಕಿದ್ರ ಓಡ್ತೈತಿ."

"ಹಗುರಾದ್ದು ಎಲ್ಲಿ ಸಿಗತೈತಿ?"

"ಲಿನಕ್ಸ್ ಅಂತ ಐತ್ರಿ. ಪುಕ್ಕಟ. ಊರೂರಿನ ಮಂದಿ ಕೂಡಿ ಬರದಾರ. ಬೇಕಾದವರು ತಗೋರಿ, ತಿದ್ದೂದಿದ್ರ ತಿದ್ರಿ, ಮತ್ತೊಬ್ಬರಿಗೆ ಕೊಡ್ರಿ ಅಂತ ಬಿಟ್ಟಾರ."

"ಬರದವರ ಹೆಸರೇನು?"

"ಬಾಳ ಮಂದಿ ಅದಾರ್ರಿ. ನನಗ ಹೆಸರು ಗೊತ್ತಿಲ್ಲ."

"ಹಂಗಾರ ನಮ್ಮ ಪೈಕೀನ. ಹಾಕು."

ಈರಸಂಗಪ್ಪ ಪಟ್ಟಣಕ್ಕೆ ಹೋಗಿ, ಗೆಳೆಯನೊಬ್ಬನ ಅಂಗಡಿಯಲ್ಲಿ ಅದನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಬಂದ. ಸಿಕ್ಕಿಸಿ ಯಂತ್ರ ಶುರು ಮಾಡಿದಾಗ ತೆರೆಯ ಮೇಲೆ ಎರಡು ದಾರಿ ಕಂಡವು. ಒಂದು, ಹಳೆಯದನ್ನು ಮುಟ್ಟದೆ, ಹೊಸದನ್ನು ಪೆನ್ ಡ್ರೈವಿನಿಂದಲೇ ನಡೆಸಿ ನೋಡುವುದು. ಇನ್ನೊಂದು, ಹಳೆಯದನ್ನು ಅಳಿಸಿ, ಹೊಸದನ್ನು ಯಂತ್ರದೊಳಗೇ ನೆಲೆಗೊಳಿಸುವುದು.

ಅವನು ಮೊದಲನೆಯದನ್ನು ಒತ್ತಿದ.

ಹಲ್ಲುಜ್ಜಿ ಮುಖ ತೊಳೆಯುವಷ್ಟರಲ್ಲಿ ಯಂತ್ರ ಎದ್ದು ಕೂತಿತ್ತು. ಈರಸಂಗಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಶಾವಂತ್ರೆವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆತಂದು ತೋರಿಸಿದ. ಆಕೆ ನೋಡಿ, ಚಲೋ ಆತು ಎಂದು ಹೇಳಿ ರೊಟ್ಟಿ ತಿರುವಲು ಓಡಿದಳು.

ಹೀಗೆ ನಡೆಸುವುದರಲ್ಲಿ ಒಂದು ತೊಡಕಿತ್ತು. ಯಂತ್ರ ಆರಿದರೆ ಅಂದು ಮಾಡಿದ್ದೆಲ್ಲ ಅದರ ಜೊತೆಗೇ ಹೋಗುತ್ತಿತ್ತು. ಮರುದಿನ ಅದು ಏನೂ ಅರಿಯದ ಕೂಸಿನ ಹಾಗೆ ಏಳುತ್ತಿತ್ತು. ಈರಸಂಗಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ಸಂಜೆ ಆರಿಸುವ ಮೊದಲು, ಬರೆದದ್ದನ್ನು ಇನ್ನೊಂದು ಪೆನ್ ಡ್ರೈವಿಗೆ ಹಾಕಿಕೊಳ್ಳುತ್ತಿದ್ದ.

ಮಠದ ಹಾಡುಗಳನ್ನು ಹೀಗೆ ಬೆರಳಚ್ಚು ಮಾಡುತ್ತ ನಲವತ್ತು ದಿನ ಕಳೆದ. ಇವತ್ತು ನೆಲೆಗೊಳಿಸೋಣ ಎಂದು ದಿನಾ ಅಂದುಕೊಳ್ಳುತ್ತಿದ್ದ. ದಿನಾ ಮೊದಲನೆಯದನ್ನೇ ಒತ್ತುತ್ತಿದ್ದ.

ನಲವತ್ತೊಂದನೆಯ ದಿನ ಬೆಳಿಗ್ಗೆ ಅಜ್ಜಾರು ಬಂದು ಅವನ ಪಕ್ಕದಲ್ಲಿ ಕೂತರು.

"ಹನ್ನೆರಡು ಮಾತು ಬೇಕಂದಿದ್ದೆಲ್ಲ. ಹೇಳ್ತೀನಿ."

ಅವನು ಕೀಲಿಮಣೆ ಹತ್ತಿರ ಎಳೆದುಕೊಂಡ. "ಇದರಾಗ ಬರಕೊಳ್ಳೇನ್ರಿ?"

"ನಿನ್ನ ಇಚ್ಛಾ. ನಾ ಒಂದ ಸಲ ಹೇಳ್ತೀನಿ."

ಒಂದೇ ಸಲ ಎಂದ ಮೇಲೆ ಬರೆದುಕೊಳ್ಳದೆ ಇರಲು ಅವನಿಗೆ ಧೈರ್ಯ ಸಾಲಲಿಲ್ಲ.

ಅಜ್ಜಾರು ಹೇಳತೊಡಗಿದರು. ನಿಧಾನವಾಗಿ, ಒಂದೊಂದು ಮಾತಿನ ನಡುವೆ ಸ್ವಲ್ಪ ಬಿಡುವು ಕೊಟ್ಟು. ಈರಸಂಗಪ್ಪನ ಕಣ್ಣು ಬೆರಳುಗಳ ಮೇಲಿತ್ತು. ಮೂರನೆಯ ಮಾತಿನಲ್ಲಿ ಒಂದು ಒತ್ತಕ್ಷರ ಸಿಗದೆ ಒದ್ದಾಡಿದ. ಏಳನೆಯದರಲ್ಲಿ ಒಂದು ದೀರ್ಘ ಬಿಟ್ಟುಹೋಗಿ, ಹಿಂದೆ ಹೋಗಿ ತಿದ್ದಿದ. ಅಜ್ಜಾರ ಕಡೆ ಒಮ್ಮೆಯೂ ತಿರುಗಲಿಲ್ಲ. ಹನ್ನೆರಡನೆಯದು ಮುಗಿಯುತ್ತಲೇ ‘ಉಳಿಸು’ ಒತ್ತಿ ಉಸಿರು ಬಿಟ್ಟ.

"ಎಲ್ಲಾ ಬಂತ್ರಿ, ಅಜ್ಜಾರ."

ಅಜ್ಜಾರು ತಲೆಯಾಡಿಸಿ ಎದ್ದರು. ಅವರು ಹೊಸ್ತಿಲು ದಾಟುವಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಂತಿತು. ತೆರೆ ಕಪ್ಪಾಯಿತು. ಈರಸಂಗಪ್ಪನಿಗೆ ಏನಾಯಿತೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಅರ್ಧ ಗಂಟೆಗೆ ಕರೆಂಟು ಬಂತು. ಯಂತ್ರ ಎದ್ದಿತು, ಕೂಸಿನ ಹಾಗೆ.

ನೆನಪಿನಿಂದಲಾದರೂ ಬರೆಯೋಣವೆಂದು ಕೂತ. ಮೂರನೆಯದರ ಒತ್ತಕ್ಷರ ನೆನಪಿತ್ತು. ಏಳನೆಯದರ ದೀರ್ಘ ನೆನಪಿತ್ತು. ಮಾತು ಒಂದೂ ನೆನಪಿರಲಿಲ್ಲ.

ಮೂರು ವರ್ಷ ಕಾದದ್ದು ಕೈಗೆ ಬಂದು ಹೋಗಿತ್ತು. ಈರಸಂಗಪ್ಪ ಕಂಬಕ್ಕೆ ಒರಗಿ ಅತ್ತ. ಆಮೇಲೆ ಮುಖ ತೊಳೆದುಕೊಂಡು ಅಜ್ಜಾರ ಕೋಣೆಗೆ ಹೋದ.

"ಅಜ್ಜಾರ, ಎಲ್ಲಾ ಹೋತ್ರಿ."

"ಉಳಿಸಿದ್ದಿಲ್ಲೇನು?"

"ಉಳಿಸಿದ್ದೆರಿ. ಆದ್ರ ಕರೆಂಟ್ ಇರೂತನಕ ಅಷ್ಟ ಇರೂ ಜಾಗದಾಗ ಉಳಿದಿತ್ತು. ಹೊಸಾದ್ದನ್ನ ನಾ ಇನ್ನೂ ಯಂತ್ರದ ಒಳಗ ಹಾಕಿಲ್ರಿ. ಹೊರಗಿಂದನ ನಡಸಾಕತ್ತಿದ್ದೆ."

"ಎಷ್ಟು ದಿನ?"

"ನಲವತ್ತು ದಿನ."

"ಯಾಕ?"

"ಹೊಂದಲಿಲ್ಲಂದ್ರ ಹಳೇದಕ್ಕ ಹೋಗಾಕ ಬರ್ತೈತಿ ಅಂತ್ರಿ."

"ಹಳೇದು ನಡೀತೈತೇನು?"

"ಇಲ್ರಿ."

"ಮತ್ತ ಅದನ್ನ ಯಾರ ಸಲುವಾಗಿ ಕಾಯಾಕತ್ತಿ?"

ಈರಸಂಗಪ್ಪ ತಗ್ಗಿದ ದನಿಯಲ್ಲಿ ಕೇಳಿದ. "ಇನ್ನೊಮ್ಮೆ ಹೇಳ್ತೀರೇನ್ರಿ?"

"ಒಂದ ಸಲ ಅಂದಿದ್ನಲ್ಲ," ಎಂದು ಅಜ್ಜಾರು ಕಣ್ಣು ಮುಚ್ಚಿದರು.

ಮರುದಿನ ಬೆಳಿಗ್ಗೆ ಅವನು ಹೊಳೆಯಿಂದ ಬರುವಾಗ ಪಡಸಾಲೆಯ ಮೆಟ್ಟಿಲ ಮೇಲೆ ಅವನ ಚೀಲ ಇತ್ತು. ಮಂಚದ ಕೆಳಗಿನದು. ಪಕ್ಕದಲ್ಲಿ ಅಜ್ಜಾರು ಕೂತಿದ್ದರು. ಅವರೇ ಅದನ್ನು ಹೊತ್ತು ತಂದಿದ್ದರು, ಉಸಿರು ಇನ್ನೂ ಏರಿತ್ತು.

"ಎಂಟಕ್ಕ ಬಸ್ಸೈತಿ," ಎಂದರು.

"ನನ್ನ ಹೊರಗ ಹಾಕಾಕತ್ತೀರೇನ್ರಿ?"

ಅವನ ದನಿ ಏರಿತ್ತು. ಮೂರು ವರ್ಷದಲ್ಲಿ ಅಜ್ಜಾರ ಮುಂದೆ ಅವನು ದನಿ ಏರಿಸಿದ್ದು ಅದೇ ಮೊದಲು.

"ಒಳಗ ಬಂದವರನ್ನ ಹೊರಗ ಹಾಕಾಕ ಬರ್ತೈತಿ. ನೀ ಇನ್ನೂ ಬಂದಿಲ್ಲಲ್ಲ."

"ಮತ್ತ ನಾ ಮಾಡಿದ ಸೇವಾ? ಕಸ ಹೊಡದಿದ್ದು, ನೀರು ಹೊತ್ತಿದ್ದು?"

"ಅದೆಲ್ಲಾ ಚಲೋನ ಮಾಡಿದಿ," ಎಂದರು ಅಜ್ಜಾರು. "ಊರಿಗೆ ಹೋದ್ರೂ ಚಲೋನ. ಮನಿ ಐತಿ, ನೌಕರಿ ಐತಿ, ಅದೇನು ಕೆಟ್ಟದ್ದಲ್ಲ. ಆದ್ರ ಹೊಸ್ತಲದಾಗ ಮೂರು ವರ್ಷ ನಿಂತಿದ್ದೀಯಲ್ಲೋ, ಕಾಲು ನೋಯೂದಿಲ್ಲೇನು ತಮ್ಮಾ?"

ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಈರಸಂಗಪ್ಪ ಚೀಲದ ಪಕ್ಕ ಕೂತ. ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಾಚಿಕೆಯಾಯಿತು, ಯಾಕೆಂದರೆ ಅಜ್ಜಾರ ಮಾತಿನಲ್ಲಿ ತಪ್ಪು ಹುಡುಕಿ ಹುಡುಕಿ ಅವನಿಗೆ ಸಿಕ್ಕಿರಲಿಲ್ಲ. ಪ್ರತಿ ವರ್ಷ ರಜೆಯ ಅರ್ಜಿ ಅಂಚೆಗೆ ಹಾಕಿ ಬಂದ ದಿನ ಅವನಿಗೆ ನೆಮ್ಮದಿಯ ನಿದ್ದೆ ಬರುತ್ತಿತ್ತು. ಇಲ್ಲಿ ಸರಿಹೋಗದಿದ್ದರೆ ಅಲ್ಲಿ ಇದೆ ಎಂಬ ನಿದ್ದೆ ಅದು.

ಎಂಟರ ಬಸ್ಸು ಬಂತು. ಹಾರ್ನು ಹೊಡೆಯಿತು. ಈರಸಂಗಪ್ಪ ಎದ್ದು ನಿಂತ. ಚೀಲ ಕೈಗೆತ್ತಿಕೊಂಡ ಕೂಡ. ಮೆಟ್ಟಿಲು ಮಾತ್ರ ಇಳಿಯಲಿಲ್ಲ. ಬಸ್ಸು ಹೋಯಿತು.

ಅವನು ಚೀಲ ಹಿಡಿದುಕೊಂಡೇ ಒಳಗೆ ಬಂದು ಯಂತ್ರದ ಮುಂದೆ ಕೂತು ಶುರು ಮಾಡಿದ. ಎರಡು ದಾರಿ ಬಂದವು. ಎರಡನೆಯದನ್ನು ಒತ್ತಿದ.

ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬಹುದೇ ಎಂದು ಯಂತ್ರ ಕೇಳಿತು.

ಆ ಡಿಸ್ಕಿನಲ್ಲಿ ಏನೂ ಇರಲಿಲ್ಲ. ಕೊಟ್ಟವರು ತಮಗೆ ಬೇಕಾದದ್ದನ್ನೆಲ್ಲ ತೆಗೆದುಕೊಂಡೇ ಕೊಟ್ಟಿದ್ದರು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಪ್ರಶ್ನೆಯನ್ನು ಎರಡು ಸಲ ಓದಿದ. ಆಮೇಲೆ ‘ಹೌದು’ ಒತ್ತಿದ.

ಇಪ್ಪತ್ತು ನಿಮಿಷ ಒಂದು ಗೆರೆ ಎಡದಿಂದ ಬಲಕ್ಕೆ ಬೆಳೆಯಿತು. ಅವನು ಅದನ್ನೇ ನೋಡುತ್ತ ಕೂತ. ಏನೋ ದೊಡ್ಡದು ಕಳೆದುಹೋಗುತ್ತದೆ ಅಂದುಕೊಂಡಿದ್ದ, ಹಾಗೇನೂ ಆಗಲಿಲ್ಲ.

ಪೆನ್ ಡ್ರೈವ್ ಕಿತ್ತ. ಯಂತ್ರ ತಾನೇ ಎದ್ದಿತು. ಅವನು ತನ್ನ ಹೆಸರು ಬರೆದು ಉಳಿಸಿದ. ಆಮೇಲೆ ಗೋಡೆಯಿಂದ ಪ್ಲಗ್ಗು ಎಳೆದು, ನೂರರವರೆಗೆ ಎಣಿಸಿ, ಮತ್ತೆ ಹಾಕಿದ. ಹೆಸರು ಇತ್ತು.

ಅಂದೇ ಪಾಲಿಟೆಕ್ನಿಕ್ಕಿಗೆ ಎರಡು ಸಾಲಿನ ಕಾಗದ ಬರೆದ. ಈ ಸಲ ರಜೆ ಕೇಳಲಿಲ್ಲ. ಚೀಲದ ಬಟ್ಟೆಗಳನ್ನು ತೆಗೆದು ಗೂಟಕ್ಕೆ ಹಾಕಿದ. ಬೂಟಿನೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು, ಬೂಟನ್ನು ಹಾಗೆಯೇ ಅಟ್ಟದ ಮೇಲೆ ಇರಿಸಿದ. ಖಾಲಿ ಚೀಲ ಕೊಡವಿ ಅಡುಗೆಮನೆಗೆ ಒಯ್ದ.

"ಶಾವಂತ್ರೆವ್ವ, ತಗೋ. ಸಂತಿಗೆ."

ಆಕೆ ಚೀಲದ ಹಿಡಿಕೆ ಜಗ್ಗಿ ನೋಡಿದಳು. "ನಾಳಿಗೆ ಮತ್ತ ಬೇಕಂದ್ರ?"

"ಬೇಕಾಗೂದಿಲ್ಲ."

"ಬೇಕಂದ್ರೂ ಇನ್ನ ನಾ ಕೊಡಂಗಿಲ್ಲ ನೋಡ್ರಿ," ಎಂದಳು ಶಾವಂತ್ರೆವ್ವ.

ಮಾತು ಕಳೆದುಹೋದ ದುಃಖ ಇದರಿಂದ ಹೋಗಲಿಲ್ಲ. ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ದಿನಾ ಬೆಳಿಗ್ಗೆ ಅಜ್ಜಾರನ್ನು ಕಂಡಾಗ ಅದು ಮತ್ತೆ ನೆನಪಾಗುತ್ತಿತ್ತು. ಆದರೆ ಅವನು ಮತ್ತೆ ಕೇಳಲಿಲ್ಲ. ಕಸ ಹೊಡೆದ, ನೀರು ಹೊತ್ತ, ಹಾಡುಗಳನ್ನು ಬೆರಳಚ್ಚು ಮಾಡಿದ.

ಸಂತೆಯ ದಿನ ಮಧ್ಯಾಹ್ನ ಅಜ್ಜಾರು ನೀರು ಕುಡಿಯಲು ಅಡುಗೆಮನೆಗೆ ಹೋದರು. ಒಲೆಯ ಪಕ್ಕದಲ್ಲಿ ಆ ಚೀಲ ಇತ್ತು. ಬಾಯಿ ಮುಚ್ಚಲಾರದಷ್ಟು ಬದನೆಕಾಯಿ, ಮೇಲೆ ಎರಡು ಸಿವುಡು ಮೆಂತ್ಯಸೊಪ್ಪು. ಅಜ್ಜಾರು ಅದನ್ನು ನೋಡಿದರು, ನೀರು ಕುಡಿದರು, ಲೋಟ ಬೋರಲು ಹಾಕಿ ಪಡಸಾಲೆಗೆ ಬಂದರು.

ಈರಸಂಗಪ್ಪ ಯಂತ್ರದ ಮುಂದೆ ಕೈಕಟ್ಟಿ ಕೂತಿದ್ದ.

"ಯಾಕ ಸುಮ್ನ ಕುಂತಿ?"

"ಕರೆಂಟ್ ಹೋಗೈತ್ರಿ."

"ಬರದದ್ದು?"

"ಉಳದಿರ್ತೈತ್ರಿ. ಈಗ ಎಲ್ಲೂ ಹೋಗೂದಿಲ್ಲ."

ಅಜ್ಜಾರು ಅವನೆದುರು ಚಾಪೆ ಹಾಸಿಕೊಂಡು ಕೂತರು. ಕಾಲು ಮಡಿಚಿದರು, ಗಂಟಲು ಸರಿಮಾಡಿಕೊಂಡರು. ಆ ಕೂರುವ ರೀತಿ ನೋಡಿ ಈರಸಂಗಪ್ಪನಿಗೆ ಅನುಮಾನ ಬಂತು. ಗಡಬಡಿಸಿ ಎದ್ದ.

"ತಡೀರಿ ಅಜ್ಜಾರ, ಕಾಗದ ಪೆನ್ನು ತರ್ತೀನಿ."

"ಬ್ಯಾಡ."

ಅವನು ನಿಂತಲ್ಲೇ ನಿಂತ. "ಒಂದ ಸಲ ಹೇಳೂದು ಅಂದಿದ್ರೆಲ್ರಿ?"

"ಅವತ್ತ ಆ ಪೆಟ್ಟಿಗಿಗೆ ಹೇಳಿದ್ದೆ, ತಮ್ಮಾ. ಕುಂದರು, ನನ್ನ ಮಾರಿ ನೋಡು."